ಎಂ5, ಸಿ63, ಆರ್‌ಎಸ್5: ಟ್ರ್ಯಾಕ್‌ಗೆ ಇಳಿದರೆ ಯಾವ ಸೆಡಾನ್ ಮುಂದೆ?

ಪ್ರಶ್ನೆ: ಸರ್, ನಮ್ಮದು ಮಂಡ್ಯ. ಅಣ್ಣನ ಹತ್ತಿರ ಬಿಎಂಡಬ್ಲ್ಯು ಎಂ340ಐ ಇದೆ. ನಾನು ಅದಕ್ಕಿಂತ ದೊಡ್ಡದು ತಗೋಬೇಕು ಅಂತಿದ್ದೀನಿ. ಹೊಸ ಎಂ5, ಮರ್ಸಿಡಿಸ್-ಎಎಂಜಿ ಸಿ63, ಇಲ್ಲಾಂದ್ರೆ ಸೆಕೆಂಡ್ ಹ್ಯಾಂಡ್ ಆಡಿ ಆರ್‌ಎಸ್5, ಈ ಮೂರು ಮನಸ್ಸಲ್ಲಿದೆ. ವರ್ಷಕ್ಕೆ ಎರಡು ಮೂರು ಸಲ ರೇಸ್ ಟ್ರ್ಯಾಕ್‌ಗೆ ಹೋಗೋ ಆಸೆ. ಎಂ5 ಪವರ್ ಅಣ್ಣನ ಕಾರಿಗೆ ಹೋಲಿಸಿದ್ರೆ ಹೆಚ್ಚು ಕಮ್ಮಿ ಡಬಲ್. ಟ್ರ್ಯಾಕ್‌ನಲ್ಲೂ ಅಷ್ಟೇ ವ್ಯತ್ಯಾಸ ಕಾಣುತ್ತಾ? ಜರ್ಮನಿಯ ನರ್ಬರ್ಗ್‌ರಿಂಗ್ ಟ್ರ್ಯಾಕ್‌ನ ಟೈಮ್ ನೋಡಿ ಕಾರು ತಗೋಬಹುದಾ? ಬೆಳಿಗ್ಗೆ ಐದಕ್ಕೆ ನಮ್ಮ ಎಕ್ಸ್‌ಪ್ರೆಸ್‌ವೇ ಖಾಲಿ ಇರುತ್ತೆ, ಅಲ್ಲಿ ಟೆಸ್ಟ್ ಮಾಡಿದ್ರೆ ಗೊತ್ತಾಗಲ್ವಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಎಕ್ಸ್‌ಪ್ರೆಸ್‌ವೇ ಬೇಡ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಇರುವ ಮಿತಿ ಗಂಟೆಗೆ 100 ಕಿ.ಮೀ. ಉದ್ದಕ್ಕೂ ಕ್ಯಾಮೆರಾ ಇವೆ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮ ಬಂದಿದೆ. ರಸ್ತೆಯಲ್ಲಿ ರೇಸ್ ಮಾಡಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾನೂನು ಒಂದು ಕಡೆ ಇರಲಿ. ಐದು ಗಂಟೆಗೆ ರಸ್ತೆ ಖಾಲಿ ಅನ್ನಿಸುತ್ತದೆ, ಖಾಲಿ ಇರುವುದಿಲ್ಲ. ಬೇಲಿ ಸಂದಿಯಿಂದ ದಾಟುವ ಜನ, ನಾಯಿ, ಲೈಟ್ ಹಾಕದೆ ಬದಿಗೆ ನಿಂತ ಲಾರಿ, ಎಲ್ಲ ಆ ಹೊತ್ತಿನಲ್ಲೇ ಇರುತ್ತವೆ. 200ರ ವೇಗದಲ್ಲಿ ಕಾರು ಸೆಕೆಂಡಿಗೆ 55 ಮೀಟರ್ ಹೋಗುತ್ತದೆ. ಲಾರಿ ಕಂಡು ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಅಷ್ಟು ದೂರ ಕಳೆದೇ ಹೋಗಿರುತ್ತದೆ.

ಮತ್ತೆ, ಅಲ್ಲಿ ಟೆಸ್ಟ್ ಮಾಡಿದರೂ ನಿಮಗೆ ಬೇಕಾದದ್ದು ಗೊತ್ತಾಗುವುದಿಲ್ಲ. ನೇರ ರಸ್ತೆಯಲ್ಲಿ ಎಂಜಿನ್ ಎಷ್ಟು ಎಳೆಯುತ್ತದೆ ಅನ್ನುವುದು ಮಾತ್ರ ಕಾಣುತ್ತದೆ. ಟ್ರ್ಯಾಕ್‌ನಲ್ಲಿ ಕಾರಿನ ಯೋಗ್ಯತೆ ತೀರ್ಮಾನ ಆಗುವುದು ಬ್ರೇಕ್ ಒತ್ತುವಾಗ, ತಿರುಗುವಾಗ, ಮತ್ತು ಅದೇ ಕೆಲಸವನ್ನು ಐದನೇ ಸುತ್ತಿನಲ್ಲೂ ಮಾಡುವಾಗ. ಈ ಐದನೇ ಸುತ್ತಿನ ಮಾತನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಿಮ್ಮ ಮೂರೂ ಕಾರುಗಳನ್ನು ನಾನು ಅದೇ ಕಣ್ಣಿನಿಂದ ನೋಡಿದ್ದೇನೆ.

ಮೊದಲು ಕಾಗದದ ಮೇಲಿನ ಲೆಕ್ಕ. ಈಗಿನ ಎಂ340ಐನಲ್ಲಿ ಮೂರು ಲೀಟರಿನ ಆರು ಸಿಲಿಂಡರ್ ಟರ್ಬೊ ಎಂಜಿನ್, 374 ಹಾರ್ಸ್‌ಪವರ್, 500 ಎನ್‌ಎಂ ಟಾರ್ಕ್. ಆರ್‌ಎಸ್5 ಸ್ಪೋರ್ಟ್‌ಬ್ಯಾಕ್‌ನಲ್ಲಿ 2.9 ಲೀಟರ್ ವಿ6, 450 ಹಾರ್ಸ್‌ಪವರ್, 600 ಎನ್‌ಎಂ. ಸಿ63 ಎಸ್ ಇ ಪರ್ಫಾರ್ಮೆನ್ಸ್‌ನಲ್ಲಿ ಬರೀ ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಜೊತೆಗೆ ಹಿಂದಿನ ಆ್ಯಕ್ಸಲ್ ಮೇಲೆ ಒಂದು ಎಲೆಕ್ಟ್ರಿಕ್ ಮೋಟರ್. ಎರಡೂ ಸೇರಿ 680 ಹಾರ್ಸ್‌ಪವರ್, 1,020 ಎನ್‌ಎಂ. ಹೊಸ ಎಂ5ನಲ್ಲಿ 4.4 ಲೀಟರ್ ವಿ8 ಟ್ವಿನ್ ಟರ್ಬೊ, ಗೇರ್‌ಬಾಕ್ಸ್ ಒಳಗೇ ಕೂತ ಎಲೆಕ್ಟ್ರಿಕ್ ಮೋಟರ್. ಒಟ್ಟು 727 ಹಾರ್ಸ್‌ಪವರ್, 1,000 ಎನ್‌ಎಂ.

ನೀವು ಹೇಳಿದ್ದು ಸರಿ, ಪವರ್ ಡಬಲ್ ಹತ್ತಿರ ಇದೆ. ಈಗ ಸೊನ್ನೆಯಿಂದ 100ಕ್ಕೆ ಕಂಪನಿಗಳು ಹೇಳುವ ಸಮಯ ನೋಡಿ. ಎಂ340ಐ 4.4 ಸೆಕೆಂಡ್, ಆರ್‌ಎಸ್5 3.9, ಎಂ5 3.5, ಸಿ63 3.4. ಡಬಲ್ ಪವರ್‌ಗೆ ಸಿಕ್ಕ ಲಾಭ ಒಂದು ಸೆಕೆಂಡೂ ಇಲ್ಲ. ಯಾಕೆ? ಒಂದು ಕಾರಣ ಟೈರ್. ನಿಂತಲ್ಲಿಂದ ಹೊರಡುವಾಗ ರಬ್ಬರ್ ಎಷ್ಟು ಹಿಡಿಯುತ್ತದೋ ಅಷ್ಟೇ ಶಕ್ತಿ ಕೆಲಸಕ್ಕೆ ಬರುತ್ತದೆ. ಇನ್ನೊಂದು ಕಾರಣ ತೂಕ, ಟ್ರ್ಯಾಕ್‌ನಲ್ಲಿ ಕಡೆತನಕ ಕಾಡುವುದು ಇದೇ.

ಹೊಸ ಎಂ5 ತೂಕ 2,435 ಕೆಜಿ. ಸಿ63 2,100ರ ಆಸುಪಾಸು. ಆರ್‌ಎಸ್5, ಎಂ340ಐ ಎರಡೂ 1,700ರ ಆಸುಪಾಸು. ಇದಕ್ಕಿಂತ ಮುಂಚಿನ ಎಂ5 ಕಾಂಪಿಟಿಷನ್, ಅಂದರೆ ಎಫ್90 ಪೀಳಿಗೆಯದು, 625 ಹಾರ್ಸ್‌ಪವರ್ ಇಟ್ಟುಕೊಂಡು 1,865 ಕೆಜಿ ತೂಗುತ್ತಿತ್ತು. ಟನ್ ಲೆಕ್ಕದಲ್ಲಿ ಭಾಗಿಸಿ ನೋಡಿ. ಹಳೆಯದಕ್ಕೆ ಟನ್ನಿಗೆ 335 ಹಾರ್ಸ್‌ಪವರ್, ಹೊಸದಕ್ಕೆ 299. ನೂರು ಹಾರ್ಸ್‌ಪವರ್ ಜಾಸ್ತಿ ಇದ್ದರೂ ಹೊಸ ಕಾರು ಈ ಲೆಕ್ಕದಲ್ಲಿ ಹಿಂದೆ ಬಿತ್ತು. ಹಳೆಯದು 100 ಮುಟ್ಟುತ್ತಿದ್ದದ್ದು 3.3 ಸೆಕೆಂಡಿನಲ್ಲಿ. ಹೊಸ ಎಂ5 ಕೆಟ್ಟ ಕಾರು ಅಂತ ಇದರ ಅರ್ಥ ಅಲ್ಲ. ಪೆಟ್ರೋಲ್ ಹಾಕದೆ ಮಂಡ್ಯದಿಂದ ಮೈಸೂರಿಗೆ ಸದ್ದಿಲ್ಲದೆ ಬ್ಯಾಟರಿಯಲ್ಲೇ ಹೋಗುವ ದಿನವಹಿ ಸುಖ ಅದರಲ್ಲಿದೆ. ಆ ಸುಖಕ್ಕಾಗಿ ಹೊತ್ತ ಬ್ಯಾಟರಿಯನ್ನು ಟ್ರ್ಯಾಕ್‌ನ ಪ್ರತಿ ತಿರುವಿನಲ್ಲೂ ಎಳೆದುಕೊಂಡು ಹೋಗಬೇಕು ಅನ್ನುವುದು ಅದರ ಇನ್ನೊಂದು ಮುಖ.

ಈಗ ತಿರುವಿಗೆ ಬರೋಣ. 30 ಮೀಟರ್ ತ್ರಿಜ್ಯದ ಒಂದು ಗಟ್ಟಿ ತಿರುವು ಅಂದುಕೊಳ್ಳಿ. ಟೈರ್ ಹಿಡಿತ ಒಂದು ಜಿ, ಅಂದರೆ ಕಾರಿನ ತೂಕದಷ್ಟೇ ಇದ್ದರೆ ಆ ತಿರುವಿನಲ್ಲಿ ಹೋಗಬಹುದಾದ ಗರಿಷ್ಠ ವೇಗ ಗಂಟೆಗೆ ಸುಮಾರು 62 ಕಿ.ಮೀ. ಈ ಲೆಕ್ಕದಲ್ಲಿ ಹಾರ್ಸ್‌ಪವರ್ ಎಲ್ಲಿಯೂ ಬರುವುದೇ ಇಲ್ಲ. 374 ಇರಲಿ, 727 ಇರಲಿ, 62 ದಾಟಿದರೆ ಕಾರು ಜಾರುತ್ತದೆ. ಒಳ್ಳೆಯ ಟೈರ್ ಹಾಕಿ ಹಿಡಿತವನ್ನು ನೂರಕ್ಕೆ ಹತ್ತರಷ್ಟು ಏರಿಸಿದರೆ ವೇಗ 65ಕ್ಕೆ ಬರುತ್ತದೆ. ಮೂರು ಕಿ.ಮೀ. ಅಷ್ಟೇ ಅಂತ ಅನ್ನಿಸಬಹುದು. ಆದರೆ ತಿರುವಿನ ಕೊನೆಯಲ್ಲಿ ಸಿಕ್ಕ ಆ ಮೂರು ಕಿ.ಮೀ. ಮುಂದಿನ ನೇರ ದಾರಿಯ ಉದ್ದಕ್ಕೂ ನಿಮ್ಮ ಜೊತೆ ಬರುತ್ತದೆ. ಹಾಗಾಗಿಯೇ ಟ್ರ್ಯಾಕ್ ಗೊತ್ತಿರುವವರು ಮೊದಲ ದುಡ್ಡನ್ನು ಎಂಜಿನ್ ಟ್ಯೂನಿಂಗ್‌ಗೆ ಹಾಕುವುದಿಲ್ಲ, ಟೈರಿಗೆ ಹಾಕುತ್ತಾರೆ. ವಿಕ್ರಾಂತ್ ಟೈರ್ ಫ್ಯಾಕ್ಟರಿ ನೋಡಿ ಬೆಳೆದ ಮೈಸೂರಿನ ನಮಗೆ ರಬ್ಬರಿನ ಬೆಲೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ತಿರುವಿನ ವೇಗದ ಈ ಲೆಕ್ಕದ ಸೂತ್ರದಲ್ಲಿ ತೂಕವೂ ಇಲ್ಲವಲ್ಲ ಅಂತ ನೀವು ಕೇಳಬಹುದು. ಸೂತ್ರದಲ್ಲಿ ಇಲ್ಲ, ಟೈರಿನಲ್ಲಿ ಇದೆ. ಟೈರಿನ ಮೇಲೆ ಭಾರ ಡಬಲ್ ಆದರೆ ಹಿಡಿತ ಡಬಲ್ ಆಗುವುದಿಲ್ಲ, ಸ್ವಲ್ಪ ಕಮ್ಮಿಯೇ ಏರುತ್ತದೆ. ಭಾರದ ಕಾರು ತಿರುವಿಗೆ ಬಿದ್ದಾಗ ಹೊರಗಿನ ಎರಡು ಟೈರುಗಳ ಮೇಲೆ ಹೆಚ್ಚಿನ ಹೊರೆ ಬರುತ್ತದೆ. ಆ ರಬ್ಬರ್ ಬಿಸಿಯಾಗುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಜಾರಲು ಶುರು ಮಾಡುತ್ತದೆ. ಬಿಎಂಡಬ್ಲ್ಯು ಇದನ್ನು ತಿಳಿದೇ ಎಂ5ಗೆ ಮುಂದೆ 285, ಹಿಂದೆ 295 ಅಗಲದ ಟೈರ್ ಕೊಟ್ಟಿದೆ. ಎಂ340ಐಗೆ ಮುಂದೆ 225, ಹಿಂದೆ 255. ಹಾಗಾಗಿ ಮೊದಲ ಎರಡು ಸುತ್ತು ಎಂ5 ತಿರುವಿನಲ್ಲೂ ಗಟ್ಟಿಯಾಗಿಯೇ ನಿಲ್ಲುತ್ತದೆ. ಸ್ಟೀರಿಂಗ್ ಜೊತೆ ಹಿಂದಿನ ಚಕ್ರಗಳೂ ಸ್ವಲ್ಪ ತಿರುಗುವುದರಿಂದ ಅಷ್ಟು ದೊಡ್ಡ ಕಾರು ಅನ್ನುವುದೇ ಮರೆತುಹೋಗುತ್ತದೆ. ಆಮೇಲಿನ ಸುತ್ತುಗಳಲ್ಲಿ ತೂಕ ತನ್ನ ಬಾಕಿ ವಸೂಲಿ ಮಾಡುತ್ತದೆ.

ಅದನ್ನು ಕಣ್ಣಾರೆ ನೋಡಬೇಕಾದರೆ ಸೆಷನ್ ಮುಗಿಸಿ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ ಬಂದ ಮೇಲೆ ಕುಕ್ಕರಗಾಲಲ್ಲಿ ಕೂತು ಮುಂದಿನ ಟೈರಿನ ಹೊರ ಅಂಚು ನೋಡಿ. ಹಲವು ಟೈರುಗಳ ಪಕ್ಕೆಯಲ್ಲಿ ಒಂದು ಸಣ್ಣ ತ್ರಿಕೋನದ ಗುರುತು ಇರುತ್ತದೆ. ಉಜ್ಜಿದ ಕಲೆ ಆ ತ್ರಿಕೋನದ ತುದಿ ಮುಟ್ಟಿ ನಿಂತಿದ್ದರೆ ಸರಿ. ಅದನ್ನು ದಾಟಿ ಪಕ್ಕೆಗೆ ಇಳಿದಿದ್ದರೆ ಟೈರ್ ಮಡಚಿಕೊಂಡು ಓಡುತ್ತಿದೆ ಅಂತ. ಒಂದೋ ಗಾಳಿ ಕಮ್ಮಿ ಇದೆ, ಇಲ್ಲವೇ ನೀವು ವೇಗವಾಗಿ ಬಂದು ಸ್ಟೀರಿಂಗ್ ಜಾಸ್ತಿ ತಿರುಗಿಸುತ್ತಿದ್ದೀರಿ. ರಬ್ಬರ್ ಮೇಲೆ ಸಣ್ಣ ಸಣ್ಣ ಉಂಡೆ ಎದ್ದಿದ್ದರೆ ಮೇಲ್ಮೈ ಹರಿಯುತ್ತಿದೆ. ಕೈ ಹತ್ತಿರ ಒಯ್ದರೆ ಶಾಖ ಮುಖಕ್ಕೆ ಹೊಡೆಯುತ್ತದೆ. ಮುಟ್ಟಬೇಡಿ. ಒಂದೇ ದಿನ, ಒಂದೇ ಟ್ರ್ಯಾಕ್‌ನಲ್ಲಿ ಓಡಿದ ಎಂ340ಐ ಮತ್ತು ಎಂ5 ಟೈರುಗಳನ್ನು ಅಕ್ಕಪಕ್ಕ ನೋಡಿದರೆ ನಾನು ಇಷ್ಟು ಬರೆಯುವುದು ಬೇಕಾಗುವುದಿಲ್ಲ.

ಟೈರಿಗಿಂತ ದೊಡ್ಡ ವಿಷಯ ಬ್ರೇಕ್. ಜನ ಕಾರು ಕೊಳ್ಳುವಾಗ ಇದನ್ನೇ ಮರೆಯುತ್ತಾರೆ.

ವೇಗ ಡಬಲ್ ಆದರೆ ಕಾರಿನೊಳಗಿನ ಚಲನಶಕ್ತಿ ನಾಲ್ಕು ಪಟ್ಟು ಆಗುತ್ತದೆ, ಇದು ಹೈಸ್ಕೂಲಿನ ಪಾಠ. ಬ್ರೇಕ್ ಒತ್ತಿದಾಗ ಆ ಶಕ್ತಿ ಶಾಖವಾಗಿ ಡಿಸ್ಕ್‌ಗೆ ಹೋಗಬೇಕು. ಚಾಲಕ ಸೇರಿ ಎಂ340ಐ 1,750 ಕೆಜಿ ಅಂದುಕೊಳ್ಳಿ. ನೇರ ದಾರಿಯ ಕೊನೆಯಲ್ಲಿ 200ರಲ್ಲಿದ್ದದ್ದು ತಿರುವಿಗೆ 80ಕ್ಕೆ ಇಳಿಯಬೇಕು. ಕಳೆಯಬೇಕಾದ ಶಕ್ತಿ ಸುಮಾರು 2.3 ಮೆಗಾಜೌಲ್. ಎಂ5 ಚಾಲಕ ಸೇರಿ 2,500 ಕೆಜಿ. ಪವರ್ ಜಾಸ್ತಿ ಇರುವುದರಿಂದ ಅದೇ ನೇರ ದಾರಿಯ ಕೊನೆಗೆ ಅದು 220ರಲ್ಲಿ ಬರುತ್ತದೆ ಅಂತ ಇಟ್ಟುಕೊಳ್ಳಿ. ಅದು 80ಕ್ಕೆ ಇಳಿಯಲು ಕಳೆಯಬೇಕಾದದ್ದು ಸುಮಾರು 4 ಮೆಗಾಜೌಲ್. ಪವರ್ ಡಬಲ್ ಆದದ್ದು ಲ್ಯಾಪ್ ಟೈಮ್‌ನಲ್ಲಿ ಅಷ್ಟಾಗಿ ಕಾಣದಿದ್ದರೂ ಬ್ರೇಕಿನ ಹೊರೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ.

4 ಮೆಗಾಜೌಲ್ ಎಷ್ಟು ಅಂತ ಅಂದಾಜಾಗಬೇಕಾದರೆ ನಮ್ಮ ಚಾಮುಂಡಿ ಬೆಟ್ಟ ನೆನೆಸಿಕೊಳ್ಳಿ. ಊರಿನಿಂದ ಸುಮಾರು 300 ಮೀಟರ್ ಎತ್ತರ. ಅದೇ ಎಂ5ಅನ್ನು ಬೆಟ್ಟದ ಮೇಲಿಂದ ಬರೀ ಬ್ರೇಕ್ ಮೇಲೆ ಕೆಳಗಿಳಿಸಿದರೆ ಬ್ರೇಕ್ ನುಂಗುವ ಶಕ್ತಿ ಸುಮಾರು 7.4 ಮೆಗಾಜೌಲ್. ಟ್ರ್ಯಾಕ್‌ನಲ್ಲಿ ಎರಡು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಇಡೀ ಬೆಟ್ಟ ಇಳಿದಷ್ಟಾಯಿತು. ಬೆಟ್ಟ ಇಳಿಯಲು ಹತ್ತು ನಿಮಿಷವಾದರೂ ಬೇಕು, ಶಾಖ ಆರಲು ಸಮಯ ಸಿಗುತ್ತದೆ. ಟ್ರ್ಯಾಕ್‌ನಲ್ಲಿ ಒಂದೊಂದು ಸಲಕ್ಕೆ ನಾಲ್ಕು ಸೆಕೆಂಡ್. ಎಂ5, ಸಿ63ನಂಥ ಹೈಬ್ರಿಡ್ ಕಾರಿನಲ್ಲಿ, ಅಂದರೆ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರ್ ಇರುವ ಕಾರಿನಲ್ಲಿ, ಇದರ ಒಂದು ಪಾಲು ಬ್ಯಾಟರಿಗೆ ವಾಪಸ್ ಹೋಗುತ್ತದೆ, ಗಾಳಿಯ ತಡೆಯೂ ಸ್ವಲ್ಪ ಸಹಾಯ ಮಾಡುತ್ತದೆ. ಬಾಕಿ ಎಲ್ಲ ಡಿಸ್ಕ್, ಪ್ಯಾಡ್, ಆಮೇಲೆ ಬ್ರೇಕ್ ಆಯಿಲ್ ಮೇಲೆ.

ಬ್ರೇಕ್ ಆಯಿಲ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ತೇವ ಹೀರಿದ ಡಾಟ್ 4ಗೆ ಇರುವ ಕನಿಷ್ಠ ಮಿತಿ 155 ಡಿಗ್ರಿ. ಎರಡು ಮಳೆಗಾಲ ಕಂಡ ಕಾರನ್ನು ಹಾಗೇ ಟ್ರ್ಯಾಕ್‌ಗೆ ಒಯ್ದರೆ ಮೂರ್ನಾಲ್ಕು ಸುತ್ತಿನಲ್ಲೇ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಒಳಗೆ ಆಯಿಲ್ ಕುದಿದು ಆವಿ ಗುಳ್ಳೆ ಕಟ್ಟಬಹುದು. ಆವಿ ಒತ್ತಡಕ್ಕೆ ಕುಗ್ಗುತ್ತದೆ. ಆಗ ಪೆಡಲ್ ಮೆತ್ತಗೆ, ಉದ್ದಕ್ಕೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಪ್ಯಾಡ್ ಫೇಡ್ ಆದಾಗ, ಅಂದರೆ ಶಾಖಕ್ಕೆ ಪ್ಯಾಡ್ ಹಿಡಿತ ಕಳೆದುಕೊಂಡಾಗ, ಬೇರೆ ಥರ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಹಿಡಿತ ಬರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಈ ಎರಡರ ವ್ಯತ್ಯಾಸ ಕಾಲಿಗೆ ಗೊತ್ತಿರಬೇಕು. ಪ್ಯಾಡ್ ಕೈಕೊಟ್ಟರೆ ಒಂದು ಸುತ್ತು ನಿಧಾನವಾಗಿ ಓಡಿಸಿದರೆ ಬಹುತೇಕ ಸರಿಹೋಗುತ್ತದೆ. ಆಯಿಲ್ ಕುದಿದರೆ ಅವತ್ತಿಗೆ ಓಟ ಸಾಕು, ಬ್ಲೀಡ್ ಮಾಡಿಸದೆ, ಅಂದರೆ ಪೈಪಿನೊಳಗಿನ ಗುಳ್ಳೆ ತೆಗೆಸದೆ, ಮತ್ತೆ ಇಳಿಯಬಾರದು.

ಎಂ5, ಸಿ63ಗೆ ಬರುವ ಬ್ರೇಕುಗಳು ದೊಡ್ಡವು, ಕಾರ್ಬನ್ ಸೆರಾಮಿಕ್ ಆಯ್ಕೆ ಇದ್ದರೆ ಶಾಖಕ್ಕೆ ಇನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಸೆರಾಮಿಕ್ ಡಿಸ್ಕ್ ಬದಲಾಯಿಸುವ ಖರ್ಚು ಕೇಳಿಕೊಂಡೇ ಆ ಬಾಕ್ಸ್‌ಗೆ ಟಿಕ್ ಹಾಕಿ. ಅಣ್ಣನ ಎಂ340ಐಗೆ ಬಂದ ಪ್ಯಾಡುಗಳು ರಸ್ತೆಗೆ ಮಾಡಿದ್ದು. ಅವೂ ಬೇಗ ಸೋಲುತ್ತವೆ. ವ್ಯತ್ಯಾಸ ಏನೆಂದರೆ, ಅಲ್ಲಿ ಒಳ್ಳೆಯ ಪ್ಯಾಡ್ ಮತ್ತು ಆಯಿಲ್ ಹಾಕಿದರೆ ಸಮಸ್ಯೆ ಬಹುಮಟ್ಟಿಗೆ ಮುಗಿಯುತ್ತದೆ. ಎರಡೂವರೆ ಟನ್ನಿನ ಕಾರಿನಲ್ಲಿ ಮುಗಿಯುವುದಿಲ್ಲ, ಸ್ವಲ್ಪ ಮುಂದಕ್ಕೆ ಹೋಗುತ್ತದೆ ಅಷ್ಟೇ.

ಇನ್ನು ಹೈಬ್ರಿಡ್ ಕಾರುಗಳ ಇನ್ನೊಂದು ಗುಣ. ಸಿ63ನ ಎಲೆಕ್ಟ್ರಿಕ್ ಮೋಟರ್ 204 ಹಾರ್ಸ್‌ಪವರ್ ಕೊಡುವುದು ಒಂದು ಸಲಕ್ಕೆ ಹತ್ತು ಸೆಕೆಂಡ್ ಮಾತ್ರ. ಬಿಡದೆ ಕೊಡುವುದು 95. ಬ್ಯಾಟರಿ 6.1 ಕಿಲೋವ್ಯಾಟ್ ಅವರ್, ಚಿಕ್ಕದು, 89 ಕೆಜಿ. ಎಎಂಜಿ ಎಂಜಿನಿಯರುಗಳು ಉದ್ದೇಶಪೂರ್ವಕವಾಗಿಯೇ ಚಿಕ್ಕದು ಇಟ್ಟಿದ್ದಾರೆ. ಬೇಗ ಖಾಲಿ ಆಗಲಿ, ಬ್ರೇಕ್ ಒತ್ತಿದಾಗ ಅಷ್ಟೇ ಬೇಗ ತುಂಬಲಿ ಅನ್ನುವುದು ಅವರ ಯೋಚನೆ. ಪ್ರತಿ ಸೆಲ್ ಸುತ್ತ ಕೂಲಂಟ್ ನೇರವಾಗಿ ಹರಿಯುತ್ತದೆ. ಟ್ರ್ಯಾಕ್‌ಗಾಗಿ ಯೋಚಿಸಿ ಮಾಡಿದ ಬ್ಯಾಟರಿ ಅದು, ಈ ಮೂರು ಕಾರುಗಳಲ್ಲಿ ನನಗೆ ತಾಂತ್ರಿಕವಾಗಿ ಹೆಚ್ಚು ಇಷ್ಟವಾದ ಕೆಲಸ. ಜನ ವಿ8 ಸದ್ದು ಹೋಯಿತು ಅಂತ ಬೇಜಾರು ಮಾಡಿಕೊಂಡರು. ಆ ಬೇಜಾರು ನನಗೂ ಅರ್ಥವಾಗುತ್ತದೆ, ಹಳೆಯ ಸಿ63 ಎಸ್‌ನ 4 ಲೀಟರ್ ವಿ8 ಸದ್ದು ಕೇಳಿದವರು ಅದನ್ನು ಮರೆಯುವುದಿಲ್ಲ. ಆದರೆ ಮುಂದೆ ಚಿಕ್ಕ ಎಂಜಿನ್ ಕೂರಿಸಿದ್ದರಿಂದ ಮೂಗು ಹಗುರಾಯಿತು, ತಿರುವಿಗೆ ಬೇಗ ಒಳಗೆ ಬರುತ್ತದೆ. ತಿರುವಿನಿಂದ ಹೊರಡುವಾಗ ಮೋಟರ್ ಹಿಂದಿನ ಆ್ಯಕ್ಸಲನ್ನೇ ತಳ್ಳುವುದರಿಂದ ಟರ್ಬೊ ಎಚ್ಚರಾಗಲಿ ಅಂತ ಕಾಯಬೇಕಿಲ್ಲ.

ಎಂ5ನ ಬ್ಯಾಟರಿ ದೊಡ್ಡದು, ಉಪಯೋಗಕ್ಕೆ ಸಿಗುವುದೇ 18.6 ಕಿಲೋವ್ಯಾಟ್ ಅವರ್. ಅದರಲ್ಲಿ ಡೈನಾಮಿಕ್, ಡೈನಾಮಿಕ್ ಪ್ಲಸ್ ಅಂತ ಎರಡು ಮೋಡ್ ಇವೆ. ಪ್ಲಸ್ ಹಾಕಿದರೆ ಇರುವ ಶಕ್ತಿಯನ್ನೆಲ್ಲ ಒಂದು ವೇಗದ ಸುತ್ತಿಗೆ ಸುರಿಯುತ್ತದೆ. ಬರೀ ಡೈನಾಮಿಕ್ ಹಾಕಿದರೆ ಬ್ಯಾಟರಿಯನ್ನು ಉಳಿಸಿಕೊಂಡು ಸತತ ಓಟಕ್ಕೆ ಹಂಚುತ್ತದೆ. ಕಂಪನಿಯೇ ಎರಡು ಮೋಡ್ ಇಟ್ಟಿದೆ ಅಂದರೆ ಮೊದಲ ಸುತ್ತು ಬೇರೆ, ಐದನೇ ಸುತ್ತು ಬೇರೆ ಅನ್ನುವುದನ್ನು ಅವರೂ ಒಪ್ಪಿದ ಹಾಗೆ ಅಲ್ವಾ?

ಆರ್‌ಎಸ್5 ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಜಿನ್ ಮುಂದಿನ ಆ್ಯಕ್ಸಲ್‌ಗಿಂತಲೂ ಮುಂದೆ ಕೂತಿದೆ, ಅದು ಆಡಿಯ ಹಳೆಯ ವಿನ್ಯಾಸ. ಮಳೆಯಲ್ಲಿ ಅಷ್ಟು ಧೈರ್ಯ ಕೊಡುವ ಕಾರು ಕಮ್ಮಿ. ಒಣ ಟ್ರ್ಯಾಕ್‌ನಲ್ಲಿ ಮಾತ್ರ ಬಿಗಿ ತಿರುವಿಗೆ ವೇಗ ಜಾಸ್ತಿ ಒಯ್ದರೆ ಮೂಗು ಹೊರಗೆ ತಳ್ಳುತ್ತದೆ, ಮುಂದಿನ ಟೈರ್ ಬೇಗ ಸವೆಯುತ್ತದೆ. ಬೇಗ ಬ್ರೇಕ್ ಮಾಡಿ, ನಿಧಾನವಾಗಿ ಒಳಗೆ ಬಂದು, ಬೇಗ ಆಕ್ಸಿಲರೇಟರ್ ಕೊಟ್ಟು ಹೊರಡುವವರಿಗೆ ಒಗ್ಗುತ್ತದೆ. ಕಲಿಯುವವರಿಗೆ ಈ ಪಾಠ ಕಲಿಸುವ ಕಾರು ಅಂತಲೂ ಹೇಳಬಹುದು.

ಯಾವುದು ಮುಂದೆ ಅನ್ನುವುದಕ್ಕೆ ಯಾವ ಟ್ರ್ಯಾಕ್ ಅಂತ ಕೇಳದೆ ಉತ್ತರ ಇಲ್ಲ. ನಿಮಗೆ ಹತ್ತಿರ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ. 2.1 ಕಿ.ಮೀ. ಸುತ್ತು, ಬಿಗಿ ತಿರುವುಗಳು, ಚಿಕ್ಕ ನೇರ ದಾರಿ. ಮಾರುತಿ 800 ಎಂಜಿನ್ ಹಾಕಿದ ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿ ಒಂದು ಪೀಳಿಗೆಗೆ ರೇಸಿಂಗ್ ಕಲಿಸಿದ ಕರಿವರ್ಧನ್ ಅವರ ಹೆಸರು ಆ ಟ್ರ್ಯಾಕ್‌ಗೆ ಇದೆ. ಹಗುರ ಕಾರಿನಲ್ಲಿ ವೇಗ ಹುಡುಕಿದ ಮನುಷ್ಯ, ಟ್ರ್ಯಾಕ್ ಕೂಡ ಹಗುರ ಕಾರುಗಳಿಗೇ ಒಲಿಯುತ್ತದೆ. ಇಲ್ಲಿ ಎಂ5 ತನ್ನ ಪವರ್ ಪೂರ್ತಿ ಬಿಚ್ಚುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಹೊಸ ಟೈರಿನಲ್ಲಿ ಮೊದಲ ಸುತ್ತುಗಳಲ್ಲಿ ಎಂ5, ಸಿ63 ಎರಡೂ ಅಣ್ಣನ ಕಾರಿಗಿಂತ ಮುಂದೆ ಇರುತ್ತವೆ. ಆದರೆ ನೀವು ಊಹಿಸಿದ ಅಂತರದಲ್ಲಿ ಅಲ್ಲ. ಒಳ್ಳೆಯ ಪ್ಯಾಡ್, ಟೈರ್ ಹಾಕಿದ ಎಂ340ಐಯನ್ನು ಚೆನ್ನಾಗಿ ಓಡಿಸುವವರು ಕೂತರೆ, ಕರಿಯಲ್ಲಿ ಹೊಸಬರು ಓಡಿಸುವ ಎಂ5 ಹಿಂದೆ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿ ನನ್ನ ಆಯ್ಕೆ ಸಿ63.

ಎರಡನೆಯದು ಶ್ರೀಪೆರಂಬದೂರು ಹತ್ತಿರ ಇರುಂಗಾಟ್ಟುಕೋಟೈನ ಮದ್ರಾಸ್ ಟ್ರ್ಯಾಕ್. 3.717 ಕಿ.ಮೀ., 12 ತಿರುವು, ವೇಗದ ತಿರುವುಗಳು ಜಾಸ್ತಿ. ಇಲ್ಲಿ ಪವರ್‌ಗೂ ಬೆಲೆ ಇದೆ, ಕಾರಿನ ಸಮತೋಲಕ್ಕೂ ಬೆಲೆ ಇದೆ. ಆದರೆ ಚೆನ್ನೈ ಬಿಸಿಲಿಗೆ ಟ್ರ್ಯಾಕ್ ಮೇಲ್ಮೈ 50 ಡಿಗ್ರಿ ದಾಟುವುದು ಸಾಮಾನ್ಯ, ಟರ್ಬೊ ಎಂಜಿನ್ ಬಿಸಿ ಗಾಳಿ ಎಳೆದುಕೊಂಡು ಸುಸ್ತಾಗುತ್ತದೆ. ಬೆಳಗಿನ ಸೆಷನ್‌ಗೇ ಹೆಸರು ಕೊಡಿ. ಗ್ರೇಟರ್ ನೊಯ್ಡಾದ ಬುದ್ಧ್ ಸರ್ಕ್ಯೂಟ್‌ಗೆ ಬಂದರೆ ಚಿತ್ರ ಬದಲಾಗುತ್ತದೆ. 2011ರಿಂದ 2013ರವರೆಗೆ ಫಾರ್ಮುಲಾ 1 ನಡೆದ ಜಾಗ, 5 ಕಿ.ಮೀ. ಮೀರಿದ ಸುತ್ತು, ಒಂದು ಕಿ.ಮೀ. ದಾಟುವ ಹಿಂದಿನ ನೇರ ದಾರಿ. ಅಲ್ಲಿ ಎಂ5ಗೆ ತನ್ನ ಪವರ್ ಪೂರ್ತಿ ಬಿಚ್ಚಲು ಜಾಗ ಸಿಗುತ್ತದೆ. ಆ ನೇರ ದಾರಿಯ ಕೊನೆಯ ಬ್ರೇಕಿಂಗ್‌ನಲ್ಲೇ ಅದರ ಡಿಸ್ಕುಗಳ ನಿಜವಾದ ಪರೀಕ್ಷೆ. ಮಂಡ್ಯದಿಂದ ವರ್ಷಕ್ಕೆ ಮೂರು ಸಲ ನೊಯ್ಡಾಗೆ ಹೋಗುತ್ತೀರಾ? ಇಲ್ಲ ಅಂತಾದರೆ ಬುದ್ಧ್‌ನ ಲೆಕ್ಕ ನಿಮಗೆ ಬೇಡ.

ನರ್ಬರ್ಗ್‌ರಿಂಗ್ ಟೈಮ್ ನೋಡಿ ಕಾರು ಕೊಳ್ಳುವುದರಲ್ಲಿ ಇರುವ ತೊಂದರೆ ಇನ್ನೂ ದೊಡ್ಡದು. ಮೊದಲು ಎಲ್ಲಿಂದ ಎಲ್ಲಿಗೆ ಅಳೆದರು ಅಂತ ನೋಡಬೇಕು. ಹಳೆಯ ಲೆಕ್ಕದಲ್ಲಿ 20.6 ಕಿ.ಮೀ., ಈಗಿನ ಅಧಿಕೃತ ಲೆಕ್ಕದಲ್ಲಿ 20.832 ಕಿ.ಮೀ. ಮರ್ಸಿಡಿಸ್-ಎಎಂಜಿ ಜಿಟಿ 63 ಎಸ್ ನಾಲ್ಕು ಬಾಗಿಲಿನ ಕಾರು 2020ರಲ್ಲಿ ಓಡಿದ ಒಂದೇ ಸುತ್ತಿಗೆ ಎರಡು ಸಮಯ ಇವೆ. ಚಿಕ್ಕ ಅಳತೆಯಲ್ಲಿ 7 ನಿಮಿಷ 23 ಸೆಕೆಂಡ್, ಪೂರ್ತಿ ಅಳತೆಯಲ್ಲಿ 7 ನಿಮಿಷ 27.8 ಸೆಕೆಂಡ್. ಕಾರು ಅದೇ, ಚಾಲಕರು ಅವರೇ, ಸುತ್ತು ಅದೇ. ಹೆಚ್ಚು ಕಮ್ಮಿ ಐದು ಸೆಕೆಂಡ್ ವ್ಯತ್ಯಾಸ ಬಂತು. ಚರ್ಚೆಗಳಲ್ಲಿ ಜನ ಎರಡು ಸೆಕೆಂಡಿಗೆ ಜಗಳ ಆಡುತ್ತಾರೆ.

ಆಮೇಲೆ ಕಾರು ಎಂಥದ್ದು ಅಂತ ನೋಡಬೇಕು. ಜಾಗ್ವಾರ್ ಎಕ್ಸ್‌ಇ ಎಸ್‌ವಿ ಪ್ರಾಜೆಕ್ಟ್ 8, 600 ಹಾರ್ಸ್‌ಪವರ್‌ನ ಸೆಡಾನ್, 2019ರಲ್ಲಿ ಚಿಕ್ಕ ಅಳತೆಯಲ್ಲಿ 7 ನಿಮಿಷ 18 ಸೆಕೆಂಡ್ ಮಾಡಿತು. ಅದರಲ್ಲಿ ಹಿಂದಿನ ಸೀಟೇ ಇಲ್ಲದ ಟ್ರ್ಯಾಕ್ ಪ್ಯಾಕ್ ಕೂಡ ಮಾರುತ್ತಿದ್ದರು. 2024ರಲ್ಲಿ 7 ನಿಮಿಷ 7 ಸೆಕೆಂಡಿಗೆ ಬಂದ ಪೋರ್ಷೆ ಟೈಕಾನ್ ಟರ್ಬೊ ಜಿಟಿಯ ವೈಸಾಕ್ ಪ್ಯಾಕೇಜಿನಲ್ಲೂ ಹಿಂದೆ ಸೀಟಿಲ್ಲ, ಬದಲಿಗೆ ಬೂಟ್ ಮೇಲೆ ದೊಡ್ಡ ರೆಕ್ಕೆ ಇದೆ. ಅದೂ ಎರಡು ಟನ್ ಮೀರಿದ ಕಾರೇ, ತೂಕದ ಕಾರು ವೇಗವಾಗಿ ಹೋಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಸಾವಿರ ಹಾರ್ಸ್‌ಪವರ್, ರೇಸಿಗೆ ಹತ್ತಿರದ ಟೈರ್, ವೃತ್ತಿಪರ ಚಾಲಕ, ತಣ್ಣನೆಯ ಹವೆ, ಇವಿಷ್ಟೂ ಸೇರಿ ಒಂದು ಸುತ್ತು ತೆಗೆಯಬಹುದು. ನೀವು ಕರಿಯಲ್ಲಿ ಇಪ್ಪತ್ತು ನಿಮಿಷದ ಸೆಷನ್ ಓಡಿಸುತ್ತೀರಿ, ಹಿಂದಿನ ಸೀಟು ಇರುವ ಕಾರಿನಲ್ಲಿ, ಮೂವತ್ತೈದು ಡಿಗ್ರಿ ಬಿಸಿಲಿನಲ್ಲಿ. ಎರಡೂ ಬೇರೆ ಕೆಲಸ.

ಹೋಗುವ ದಾರಿಯ ಬಗ್ಗೆಯೂ ಒಂದು ಮಾತು. ಟ್ರ್ಯಾಕ್‌ಗೆ ಒಯ್ದ ಕಾರಿನಲ್ಲೇ ನೀವು ಮನೆಗೆ ವಾಪಸ್ ಬರಬೇಕು. ಮೈಸೂರು, ಚಾಮರಾಜನಗರ, ಆಸನೂರು ದಾಟಿ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟ್‌ನಲ್ಲಿ 27 ಹೇರ್‌ಪಿನ್ ತಿರುವು. ಕಾಡಿನ ರಸ್ತೆ, ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ, ಆನೆಗಳು ಯಾವ ಹೊತ್ತಿಗೂ ದಾಟುತ್ತವೆ. ಟೈರಿನ ಅಂಚು ಪೂರ್ತಿ ತಿಂದುಹಾಕಿ, ಕುದಿದ ಬ್ರೇಕ್ ಆಯಿಲ್ ಇಟ್ಟುಕೊಂಡು ಸಂಜೆ ಆ ಘಾಟ್ ಹತ್ತುವುದು ಬೇಡ. ಕೊನೆಯ ಸೆಷನ್ ಬಿಟ್ಟು ಬಿಡುವ ಅಭ್ಯಾಸ ಮಾಡಿಕೊಳ್ಳಿ. ನೆಲಕ್ಕೆ ಹತ್ತಿರ ಕೂತ ಇಂಥ ಕಾರುಗಳಿಗೆ ಊರೂರಿನ ಹಂಪ್ಸ್ ಇನ್ನೊಂದು ತಲೆನೋವು, ಸಮಯ ಜಾಸ್ತಿ ಇಟ್ಟುಕೊಂಡು ಹೊರಡಿ.

ಇನ್ಶೂರೆನ್ಸ್ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳಲೇಬೇಕು. ನಮ್ಮ ದೇಶದ ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಇಂಥದ್ದಕ್ಕೆ ಬಳಸಿದರೆ ರಕ್ಷಣೆ ಇಲ್ಲ ಅಂತ ಬರೆದಿರುತ್ತದೆ. ಎರಡು ಕೋಟಿ ಹತ್ತಿರದ ಕಾರು ಟ್ರ್ಯಾಕ್‌ನ ಗೋಡೆಗೆ ತಗುಲಿದರೆ ಖರ್ಚು ಪೂರ್ತಿ ನಿಮ್ಮದೇ ಆಗಬಹುದು. ಟ್ರ್ಯಾಕ್ ಡೇ ಮೊದಲು ಪಾಲಿಸಿಯ ಪ್ರತಿ ತೆಗೆದು ಆ ಸಾಲು ಓದಿ, ಕಂಪನಿಯಿಂದ ಲಿಖಿತ ಉತ್ತರ ತರಿಸಿಕೊಳ್ಳಿ. ವಾರಂಟಿ ಪುಸ್ತಕದಲ್ಲೂ ಮೋಟರ್‌ಸ್ಪೋರ್ಟ್ ಅನ್ನುವ ಪದ ಎಲ್ಲಿದೆ ಅಂತ ಹುಡುಕಿ.

ಈಗ ಏನು ಮಾಡಬೇಕು ಅಂತ ಹೇಳುತ್ತೇನೆ. ಕಾರು ಬುಕ್ ಮಾಡುವ ಮೊದಲು ಅಣ್ಣನನ್ನು ಒಪ್ಪಿಸಿ ಅವರ ಎಂ340ಐಯನ್ನೇ ಕರಿಗೆ ಒಯ್ಯಿರಿ. ಹೋಗುವ ಮುಂಚೆ ಹೊಸ ಬ್ರೇಕ್ ಆಯಿಲ್, ಟ್ರ್ಯಾಕ್‌ಗೆ ತಡೆಯುವ ಪ್ಯಾಡ್. ಒಂದು ಒಳ್ಳೆಯ ಗಾಳಿ ಗೇಜ್ ತಗೊಳ್ಳಿ. ಟೈರ್ ಬಿಸಿಯಾದಾಗ ಒತ್ತಡ ನಾಲ್ಕೈದು ಪಿಎಸ್‌ಐ ಏರುವುದು ಸಾಮಾನ್ಯ, ಹಾಗಾಗಿ ಮೂರು ಸುತ್ತಾದ ತಕ್ಷಣ ಪಿಟ್‌ಗೆ ಬಂದು ಅಳೆದು ಇಳಿಸಿ. ವಾಪಸ್ ಹೊರಡುವ ಮುಂಚೆ ರಸ್ತೆಗೆ ಬೇಕಾದಷ್ಟು ಮತ್ತೆ ತುಂಬಿಸಿಕೊಳ್ಳಿ. ಪ್ರತಿ ಸೆಷನ್‌ನ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಬೇಡಿ, ಬಿಸಿ ಡಿಸ್ಕ್ ಮೇಲೆ ಪ್ಯಾಡ್ ಅಂಟಿ ಗುರುತು ಬೀಳುತ್ತದೆ. ಚಕ್ರಕ್ಕೆ ಒಂದು ಕಲ್ಲು ಕೊಟ್ಟರೆ ಸಾಕು. ನಿಮ್ಮ ಸುತ್ತಿನ ಸಮಯಗಳನ್ನು ಬರೆದಿಡಿ, ಒಳ್ಳೆಯ ಒಂದನ್ನು ಮಾತ್ರ ಅಲ್ಲ, ಎಲ್ಲವನ್ನೂ. ಸತತ ಐದು ಸುತ್ತಿನ ಸಮಯಗಳ ನಡುವಿನ ವ್ಯತ್ಯಾಸ ಒಂದು ಸೆಕೆಂಡಿನ ಒಳಗೆ ಬರುವವರೆಗೆ ಕಾರು ಬದಲಾಯಿಸುವ ಅಗತ್ಯ ಇಲ್ಲ, ಯಾಕೆಂದರೆ ಅಲ್ಲಿಯವರೆಗೆ ನಿಮ್ಮಲ್ಲೇ ಇನ್ನೂ ಸಮಯ ಉಳಿದಿದೆ.

ಅದಾದ ಮೇಲೂ ದೊಡ್ಡ ಕಾರೇ ಬೇಕು ಅಂದರೆ, ದಿನಾ ಬೆಂಗಳೂರಿಗೆ ಓಡಾಟ, ಮನೆಯವರೆಲ್ಲ ಕೂರಬೇಕು, ಟ್ರ್ಯಾಕ್ ಅಪರೂಪ ಅನ್ನುವುದಾದರೆ ಎಂ5 ತಗೊಳ್ಳಿ. ಕೊಯಮತ್ತೂರೇ ನಿಮ್ಮ ಟ್ರ್ಯಾಕ್ ಆಗುವುದಾದರೆ ಸಿ63. ಇವೆರಡಕ್ಕೂ ದುಡ್ಡು ಸುರಿಯುವ ಮೊದಲು, ಪೂರ್ತಿ ಸರ್ವಿಸ್ ದಾಖಲೆ ಇರುವ ಎಫ್90 ಎಂ5 ಕಾಂಪಿಟಿಷನ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದಾ ಅಂತ ಒಮ್ಮೆ ವಿಚಾರಿಸಿ. ನಿಮ್ಮ ಪಟ್ಟಿಯಲ್ಲಿ ಅದು ಇರಲಿಲ್ಲ. ನನ್ನನ್ನು ಕೇಳಿದರೆ ಅದನ್ನೇ ಮೊದಲು ನೋಡುತ್ತಿದ್ದೆ. ನೋಡಲು ಹೋದಾಗ ಲಿಫ್ಟ್ ಮೇಲೆ ಹಾಕಿಸಿ, ಮುಂದಿನ ಡಿಸ್ಕ್‌ಗಳ ಮೇಲೆ ಕೂದಲೆಳೆಯಂಥ ಬಿರುಕು ಇದೆಯಾ, ಡಿಸ್ಕ್ ಅಂಚಿನಲ್ಲಿ ಬೆರಳಿಗೆ ಸಿಗುವ ಏಣು ಎಷ್ಟು ಎತ್ತರ ಇದೆ ಅಂತ ಟಾರ್ಚ್ ಬಿಟ್ಟು ನೋಡಿ. ಮಾರುವವರು ಟ್ರ್ಯಾಕ್‌ಗೆ ಒಯ್ದಿಲ್ಲ ಅಂದರೂ ಡಿಸ್ಕ್ ನಿಜ ಹೇಳುತ್ತದೆ.